ಸದ್ದಿಲ್ಲದ ಹರಿಗೋಲು

ಗದ್ದೆಮ್ಮನ ಹರಿಗೋಲಿಗೆ ಮೋಟಾರು ಇರಲಿಲ್ಲ. ಆದರೂ ಮುಕ್ಕುಂದದ ಹೊಳೆಗೆ ಇಳಿಯುವ ದಾರಿಯ ಹೊಸ ಗೇಟಿನಲ್ಲಿ ಕಾವಲುಗಾರ ವೀರೇಶ ಅವಳನ್ನು ತಡೆದ. ರೆಸಾರ್ಟಿನ ಮೋಟಾರು ಬೋಟುಗಳ ಸದ್ದಿಗೆ ಮೀನು ಓಡುತ್ತವೆಂದು ಅರ್ಜಿ ಕೊಟ್ಟವಳು ಅವಳೇ.

"ಅರ್ಜಿ ಕೊಟ್ಟಾಕಿ ನೀನ ಅಲ್ಲೇನಬೇ? ಎಲ್ಲಾ ಬೋಟ್ ಬಂದ್ ಅಂತ ಹುಕುಂ ಆಗೈತಿ."

"ಇದು ಸದ್ದು ಮಾಡತೈತೇನಲೇ? ಕಿವಿ ಇಟ್ಟು ಕೇಳು."

"ಹುಕುಮಿನ್ಯಾಗ ಸದ್ದಿನ ಮಾತ ಇಲ್ಲಬೇ."

ನಿನ್ನೆ ಸಂಜೆ ಬಿಟ್ಟ ಬಲೆ ಇನ್ನೂ ನೀರಿನಲ್ಲಿತ್ತು. ಬಿಸಿಲೇರಿದರೆ ಸಿಕ್ಕ ಮೀನು ಕೆಡುತ್ತಿತ್ತು. ಗದ್ದೆಮ್ಮ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು, ಗೇಟಿನ ಪಕ್ಕದ ಜಾಲಿಮುಳ್ಳಿನೊಳಗೆ ನುಗ್ಗಿದಳು. ಹರಿಗೋಲಿನ ಬಿದಿರು ಲಟಲಟ ಅಂದಿತು.

"ಸದ್ದು ಕೇಳಿಸ್ತೇನಲೇ ವೀರೇಶಾ? ಹೋಗು, ಅರ್ಜಿ ಕೊಡು!" ಅಂತ ಒಳಗಿನಿಂದಲೇ ಕೂಗಿದಳು.

ಹರಿಗೋಲು ನೀರಿಗಿಳಿಯಿತು. ಮುರಿದದ್ದು ಎರಡು ಬಿದಿರಿನ ದಬ್ಬೆ, ಮುಳ್ಳಿನಲ್ಲಿ ಉಳಿದದ್ದು ಅವಳ ಒಂದು ಚಪ್ಪಲಿ.