ಆಚೆ ದಡದ ಕೂಗು

ಆಚೆ ದಡದಿಂದ ಎರಡನೇ ಸಲ ಕೂಗು ಬಂತು. "ಕೂ... ತಾರೀ..."

ದೋಣಿ ನಡೆಸುವ ಶನಿಯಾರ ದಕ್ಕೆಯ ಮೇಲೆ ಕೂತೇ ಇದ್ದ. ದೋಣಿ ಕಾಲ ಬುಡದಲ್ಲಿ ತೂಗುತ್ತಿತ್ತು, ಹುಟ್ಟು ತೊಡೆಯ ಮೇಲಿತ್ತು. ದೋಣಿಯಲ್ಲಿ ಶರಾವತಿ ದಾಟಿಸುವ ಆ ತಾರಿಯಲ್ಲಿ ಅವನ ಅಪ್ಪನ ಕಾಲದಿಂದಲೂ ಕೂಗಿದವರನ್ನು ಕಾಯಿಸಿದ್ದಿಲ್ಲ. ಜಗಳವಾಡಿ ಮಾತು ಬಿಟ್ಟವನಿರಲಿ, ಮಾಮಲೇದಾರನಿರಲಿ, ಕೂಗು ಕಿವಿಗೆ ಬಿದ್ದರೆ ಊಟ ಬಿಟ್ಟು ಕೈತೊಳೆದು ಏಳಬೇಕು, ದೋಣಿ ಬಿಡಬೇಕು. ಅಂಥ ಶನಿಯಾರ ಈಗ ಕಿವುಡನ ಹಾಗೆ ನೀರಲ್ಲಿ ಮೀನು ಹಾರುವುದನ್ನು ನೋಡುತ್ತಿದ್ದ.

ಕೂಗುತ್ತಿದ್ದವನು ಕಂಪೌಂಡರ್ ಕಮಲಾಕರ. ಹೊನ್ನಾವರದ ಡಾಕ್ಟರೊಬ್ಬರು ಬರೆದುಕೊಟ್ಟ ಪೆಥಿಡಿನ್ ಎಂಬ ನೋವಿನ ಮದ್ದು ಅವನ ಚೀಲದಲ್ಲಿತ್ತು. ದಿನವೂ ಸಂಜೆ ಶನಿಯಾರನೇ ಅವನನ್ನು ದಾಟಿಸಿ ಕರೆತರಬೇಕು. ಅವನು ನಾಗಿಯ ತೋಳಿಗೆ ಸೂಜಿ ಚುಚ್ಚಿದ ಮೇಲೆ ಮತ್ತೆ ಶನಿಯಾರನೇ ಆಚೆ ಮುಟ್ಟಿಸಿ ಬರಬೇಕು.

ನಾಗಿ ಶನಿಯಾರನ ಹೆಂಡತಿ. ಮೊದಲೆಲ್ಲ ಮಧ್ಯಾಹ್ನ ಗಂಜಿ ಹಿಡಿದು ದಕ್ಕೆಗೆ ಬರುವಳು. ಅವನು ಆಚೆ ದಡದಲ್ಲಿದ್ದರೆ ಸೊಂಟಕ್ಕೆ ಕೈ ಕೊಟ್ಟು ನಿಂತು ಒಂದು ಕೂ ಹಾಕುವಳು. ಊರಲ್ಲಿ ಯಾರ ಕೂ ಕೂಡ ಹಾಗಿರಲಿಲ್ಲ. ಕೊನೆಯಲ್ಲಿ ಒಂಚೂರು ಮೇಲೇರಿ, ನಗುತ್ತ ನಿಲ್ಲುತ್ತಿತ್ತು ಅದು. "ಹೋಗಾ ಮಾರಾಯ, ಗಂಜಿ ತಣ್ಣಗಾಗ್ತದೆ" ಎಂದು ದೋಣಿಯಲ್ಲಿದ್ದವರು ಅವನನ್ನು ಛೇಡಿಸುತ್ತಿದ್ದರು. ಆ ಗಂಜಿ ತರುವಾಗಲೇ ಹೋದ ಮಳೆಗಾಲದಲ್ಲಿ ದಕ್ಕೆಯ ಮೆಟ್ಟಿಲ ಪಾಚಿಯ ಮೇಲೆ ಜಾರಿ, ತೊಡೆಯ ಎಲುಬು ಮುರಿದುಕೊಂಡಳು. ಆವತ್ತು ಮಲಗಿದವಳು ಏಳಲಿಲ್ಲ. "ಅಫೀಮಿನ ಹಾಗಲ್ಲ ಇದು, ಹೊಸ ಮದ್ದು. ಚಟ ಹಿಡಿಯುವ ಹೆದರಿಕೆಯಿಲ್ಲ" ಎಂದಿದ್ದರು ಹೊನ್ನಾವರದ ಡಾಕ್ಟರು. ಪಾಪ, ಅವರೂ ಹಾಗೆಂದೇ ನಂಬಿದ್ದರು.

ಮೊನ್ನೆ ಶನಿಯಾರ ಅವಳನ್ನು ಎತ್ತಿಕೊಂಡು ಕುಮಟೆಯ ಹಳೇ ಡಾಕ್ಟರೊಬ್ಬರಿಗೆ ತೋರಿಸಿ ಬಂದಿದ್ದ. ಅವರು ಕಾಲು ಮಡಿಸಿ ಬಿಡಿಸಿ ನೋಡಿ, ಅವನೊಬ್ಬನನ್ನೇ ಹೊರಗೆ ಕರೆದರು. "ಎಲುಬು ಕೂಡಿ ಎಷ್ಟೋ ದಿನ ಆಯ್ತು ತಮ್ಮಾ. ಈಗಿನ ನೋವು ಕಾಲಿನದಲ್ಲ, ಸೂಜಿಯದು. ಹಾಗಂತ ಒಮ್ಮೆಲೇ ನಿಲ್ಲಿಸಬೇಡ. ಇಲ್ಲಿ ತಂದು ಮಲಗಿಸು, ಸ್ವಲ್ಪ ಸ್ವಲ್ಪವೇ ಬಿಡಿಸುವಾ" ಎಂದರು. ಶನಿಯಾರನ ತಲೆಗೆ ಹೊಕ್ಕದ್ದು ಸೂಜಿಯ ಮಾತು ಮಾತ್ರ. ಮದುವೆಯ ದಿಬ್ಬಣವಾಗಲಿ, ಕೋರ್ಟಿನ ಸಮನ್ಸಾಗಲಿ, ಹೊಳೆ ದಾಟಿ ಬರುವುದೇನಿದ್ದರೂ ತನ್ನ ದೋಣಿಯಲ್ಲೇ ಬರಬೇಕು. ತಾನು ಹುಟ್ಟು ಮುಟ್ಟದಿದ್ದರೆ ಆ ಸೂಜಿ ಬರುವುದಾದರೂ ಎಲ್ಲಿಂದ? ತಾರಿಯವನ ತಲೆ, ಓಡಿದ್ದು ಅಷ್ಟೇ ದೂರ.

"ಕೂ... ಶನಿಯಾರಾ..."

"ಹೋಯ್, ಕೇಳೂದಿಲ್ವಾ ನಿಮ್ಗೆ?" ದಕ್ಕೆಯ ಮೇಲುಗಡೆಯೇ ಇದ್ದ ಮನೆಯ ಜಗಲಿಯಿಂದ ನಾಗಿ ಕೇಳಿದಳು. "ಕಂಪೌಂಡ್ರು ಬಂದು ನಿಂತಾರೆ."

"ಇವತ್ತು ದೋಣಿ ಇಲ್ಲ."

"ಎಂತಕ್ಕೆ?"

"ಹೊಳೆ ಇಳಿತ ಅದೆ."

"ಇಳಿತಕ್ಕೆ ನೀವು ಯಾವತ್ತು ಹೆದ್ರಿದ್ರಿ? ಮೈಯೆಲ್ಲ ಇರುವೆ ಹರಿದ ಹಾಗೆ ಆಗ್ತದೆ, ಹೊಟ್ಟೆ ತೊಳಸ್ತದೆ. ಇದೊಂದು ಸಲ. ನಾಳೆಯಿಂದ ಬ್ಯಾಡ. ನಿಮ್ಮಾಣೆ."

"ನಿನ್ನೆನೂ ಇದೇ ಆಣೆ ಹಾಕ್ದೆ ನೀನು."

"ಹಂಗಾರೆ ನಾ ಸಾಯೂಕಾ?"

ಶನಿಯಾರ ದೋಣಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ. ತಿರುಗಿ ನೋಡಿದರೆ ಅಳು ಬರುತ್ತಿತ್ತು. ಇಡೀ ದಿನ ಅವಳು ಜಗಲಿಯಲ್ಲಿ ಹೊಳೆಗೆ ಮುಖ ಹಾಕಿಕೊಂಡು ಮಲಗಿರುತ್ತಿದ್ದಳು. ಆ ಕಣ್ಣು ತನ್ನ ದೋಣಿಯನ್ನು ಹುಡುಕುತ್ತಿದೆ ಎಂದು ಎಷ್ಟೋ ದಿನ ಅವನು ಒಳಗೊಳಗೇ ಖುಷಿಪಟ್ಟಿದ್ದ, ಹುಚ್ಚಪ್ಪ. ಈಗ ಅವನಿಗೆ ಬೇರೇನೂ ಬೇಕಿರಲಿಲ್ಲ. ನಾಗಿ ತನ್ನ ಕಾಲಲ್ಲೇ ನಡೆದು ದಕ್ಕೆಗೆ ಬರಲಿ, ಮೊದಲಿನ ಹಾಗೆ ಒಂದು ಕೂ ಹಾಕಲಿ, ಕಾಯಿ ಒಡೆಸುತ್ತೇನೆ ಎಂದು ನಿನ್ನೆ ಅವಳೆದುರೇ ಜಟಕ ದೇವರಿಗೆ ಹರಕೆ ಹೇಳಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಳೆಯ ಸದ್ದು ಕೇಳಿ ತಿರುಗಿ ನೋಡಿದರೆ, ನಾಗಿ ಬರುತ್ತಿದ್ದಳು! ಮೊದಲು ಕಟ್ಟೆ ಹಿಡಿದು, ಆಮೇಲೆ ಅದನ್ನೂ ಬಿಟ್ಟು, ಬೆವರಿ ನೀರಾಗಿ, ತಲೆಗೂದಲು ಕೆದರಿಕೊಂಡು, ನಡೆದೇ ಬರುತ್ತಿದ್ದಳು.

ಶನಿಯಾರನಿಗೆ ಸೂಜಿ ಮರೆತುಹೋಯಿತು, ಕಂಪೌಂಡರ್ ಮರೆತುಹೋದ. ಅಳು ನಗು ಒಟ್ಟಿಗೇ ಬಂದು, ಹುಟ್ಟು ಬಿಸಾಡಿ ಎದುರಿಗೆ ಓಡಿದ. "ನಾಗೀ, ನಡೀತೀಯಲ್ಲೇ! ಮೆಲ್ಲಗೆ ಮಾರಾಯ್ತಿ, ಪಾಚಿ ಅದೆ, ಕೈ ಕೊಡು..."

ಅವಳು ಕೈ ಕೊಡಲಿಲ್ಲ. ಹಿಂದೆ ಜಾರಿ ಬಿದ್ದಿದ್ದ ಆ ಮೆಟ್ಟಿಲ ಮೇಲೇ ಗಟ್ಟಿಯಾಗಿ ಕಾಲೂರಿ ಇಳಿದಳು. "ನಾ ನಡೀಬೇಕು ಅಂತ ಹರಕೆ ಹೇಳ್ಕಂಡಿರಲ್ಲ? ನಡದೆ. ಇನ್ನು ದೋಣಿ ಬಿಡಿ."

ಅವನನ್ನು ದಾಟಿ ಹೋಗಿ ದೋಣಿ ಹತ್ತಿದಳು. ಆಚೆ ದಡಕ್ಕೆ ಮುಖ ಮಾಡಿ, ಸೊಂಟಕ್ಕೆ ಕೈ ಕೊಟ್ಟು ನಿಂತು, ಒಂದು ಕೂ ಹಾಕಿದಳು. ಅದೇ ಕೂ. ಕೊನೆಯಲ್ಲಿ ಒಂಚೂರು ಮೇಲೇರಿತು.

ಆಚೆಯಿಂದ ಕಮಲಾಕರ ಚೀಲ ಎತ್ತಿ ತೋರಿಸಿ ಓಗೊಟ್ಟ.