ಮೇಡಂ ಒಪ್ಪಬೇಕು

ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದಿದ್ದ ಅವಳು ಉಪ್ಪಿಟ್ಟು ಮಾಡಿ, ಎಂದಿನಂತೆ ಉಪ್ಪು ಮರೆತಳು. ದೂರುವವರು ಇಲ್ಲದ್ದರಿಂದ ಅದು ಚೆನ್ನಾಗಿಯೇ ಇತ್ತು.

ಗಂಡ ಎರವಲು ತಂದಿದ್ದ ಲ್ಯಾಪ್‌ಟಾಪನ್ನು ವಾಪಸು ಒಯ್ಯಲು ಅವನ ಗೆಳೆಯ ಬಂದ. ಕಂಪ್ಯೂಟರ್ ಭಾಷೆಯೊಂದಕ್ಕೆ ಪ್ಯಾಕೇಜುಗಳನ್ನು, ಅಂದರೆ ಯಾರು ಬೇಕಾದರೂ ಬಳಸಬಹುದಾದ ಪುಟ್ಟ ಪ್ರೋಗ್ರಾಮುಗಳನ್ನು, ಜೋಡಿಸಿ, ಯಾವುದು ಏನು ಮಾಡುತ್ತದೆಂದು ವಿವರಣೆ ಬರೆಯುವುದು ಇಬ್ಬರ ಹುಚ್ಚಾಗಿತ್ತು.

"ಅವನ ಕೊನೇ ಪ್ಯಾಕೇಜು ನಿಂತೋಗಿದೆ, ಅತ್ತಿಗೆ. ವಿವರಣೇನ ಇನ್ನೊಬ್ರು ಓದಿ ಒಪ್ಪಬೇಕು, ಇವತ್ತು ಒಪ್ಪದಿದ್ರೆ ಕೈಬಿಡ್ತಾರೆ. ಅವನದನ್ನೆಲ್ಲ ಓದ್ತಿದ್ದ ಮೇಡಂ ಯಾರೋ, ಉತ್ತರಾನೇ ಇಲ್ಲ."

"ಸತ್ತವರ ಮೇಲೂ ಕರುಣೆ ಇಲ್ವಾ ಅವಳಿಗೆ?"

"ಮಹಾ ಖಡಕ್ಕು! ಆರು ವರ್ಷ ಬೈದು ಬೈದೇ ಒಪ್ಪಿದಾರೆ. ಒಂದ್ಸಲ ಏನು ಬರೆದಿದ್ರು ಗೊತ್ತಾ? 'ಮೂರು ಸಾಲಿನ ಕೆಲಸಕ್ಕೆ ಮೂವತ್ತು ಸಾಲಿನ ಜಂಭ. ನಿಮ್ಮಜ್ಜಿಗೂ ತಿಳಿಯೋ ಹಾಗೆ ಬರೀರಿ.'"

ಅವಳು ಚಮಚ ಕೆಳಗಿಟ್ಟಳು.

"ಇವರು ಕೊನೇ ಪ್ಯಾಕೇಜಿಗೆ ಏನಂತ ವಿವರಣೆ ಬರೆದಿದಾರೆ, ಓದಿ."

ಅವನು ಫೋನು ನೋಡಿ ಓದಿದ: "ಎರಡು ತಾರೀಕು ಕೊಟ್ಟರೆ, ನಡುವೆ ಎಷ್ಟು ದಿನವಿತ್ತೆಂದು ಹೇಳುತ್ತದೆ."

"ಅಷ್ಟೇನಾ?"

"ಅಷ್ಟೇ."

ಅವಳು ಒಳಗೆ ಹೋದಳು. ಲ್ಯಾಪ್‌ಟಾಪ್ ತೆರೆದು, ಅದರಲ್ಲೇ ಇದ್ದ ಮೇಡಂ ಖಾತೆ ಹುಡುಕಿ, ಒಂದು ಸಾಲು ಟೈಪು ಮಾಡಿದಳು. ಆಮೇಲೆ ಅದನ್ನು ಮಡಚಿ, ಸೆರಗಿನಿಂದ ಧೂಳು ಒರೆಸಿ, ತಂದು ಅವನ ಕೈಗಿಟ್ಟಳು.

"ತಗೊಳ್ಳಿ. ಮೇಡಂ ಒಪ್ಪಿದಾರೆ. ತಿಂಡಿ ಹೊತ್ತಲ್ಲಿ ತಾನು ಅಣಕಿಸಿದ್ದನ್ನೆಲ್ಲ ಗಂಡ ಬರ್ಕೊಂಡು ಮೇಡಂ ಹೆಸರಲ್ಲಿ ಹಾಕ್ತಿದ್ರು ಅಂತ ಅವಳಿಗೆ ಇವತ್ತೇ ಗೊತ್ತಾದದ್ದು."