ನಾಲ್ಕೂ ಇಪ್ಪತ್ತರ ಸಿಡಿಲು

ಗಿರಿಯ ಊರುಗಳಲ್ಲಿ ಯಾವ ಸಿಡಿಲು ಎಲ್ಲಿ, ಎಷ್ಟು ಹೊತ್ತಿಗೆ ಬೀಳುತ್ತದೆಂದು ಬೆಳಗ್ಗೆಯೇ ರೇಡಿಯೋದಲ್ಲಿ ಹೇಳಿಬಿಡುತ್ತಿದ್ದರು. ಆ ದಿನದ ಹನ್ನೊಂದು ಸಿಡಿಲುಗಳಲ್ಲಿ ಒಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ದ್ಯಾವಮ್ಮನ ಮನೆಯ ಮೇಲಿತ್ತು. ಸಾಮಾನು ಸಾಗಿಸಿ ಇನ್ನೇನು ಹೊರಡಬೇಕೆನ್ನುವಾಗ, ತಿಂಗಳು ತುಂಬುವ ಮೊದಲೇ ಸೊಸೆ ಸುಗುಣಳಿಗೆ ಹೆರಿಗೆ ನೋವು ಶುರುವಾಯಿತು.

ದಾರಿಯ ಎರಡು ಸಿಡಿಲುಗಳಿಗೆ ಜೀಪು ನಿಲ್ಲಿಸಿ ಕಾದು, ನರ್ಸ್ ಜೈನಾಬಿ ಬಂದು ತಲುಪಿದಾಗ ನಾಲ್ಕು ದಾಟಿತ್ತು.

“ನನ್ ಕೈಲಿ ಏಳಕ್ಕಾಗಲ್ಲ ಸಿಸ್ಟರ್,” ಎಂದು ಸುಗುಣ ಅತ್ತಳು.

“ಏಳ್ಬೇಡ ಕಣಮ್ಮ, ಮಲಗೇ ಇರು,” ಎಂದ ಜೈನಾಬಿ ನೆರೆಯವರನ್ನು ಕೂಗಿ ಮಂಚವನ್ನೇ ಎತ್ತಿಸಿದಳು. ಬಾಗಿಲಲ್ಲಿ ಮಂಚ ತೂರಲಿಲ್ಲ. ದ್ಯಾವಮ್ಮ ಹಿಂದೆಮುಂದೆ ನೋಡದೆ ಕೊಡಲಿ ತಂದು ಚೌಕಟ್ಟನ್ನೇ ಕಿತ್ತಳು.

ಸುರಿಯುವ ಮಳೆಯಲ್ಲಿ ಮಂಚ ರಸ್ತೆಯಾಚೆಯ ಶಾಲೆ ಸೇರಿತು. ಹೇಳಿದ ನಿಮಿಷಕ್ಕೇ ಸಿಡಿಲು ಬಡಿದು ಖಾಲಿ ಮನೆಯ ಹೆಂಚುಗಳು ಅಂಗಳಕ್ಕೆ ಚೆಲ್ಲಿದವು. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಹೆಣ್ಣುಮಗುವೊಂದು ಗಟ್ಟಿಯಾಗಿ ಕೂಗಿತು. ಅದು ಕೇಳಿದ ಮೇಲೆಯೇ ಜೈನಾಬಿ ಹೊಕ್ಕುಳಬಳ್ಳಿ ಕತ್ತರಿಸಿದಳು. ಮಗುವನ್ನು ಒರೆಸಿ ಅಜ್ಜಿಯ ಮಡಿಲಿಗಿಟ್ಟಳು.

“ಅತ್ತೆ, ನಂಗೂ ಒಂದ್ಸಲ ಕೊಡಿ,” ಎಂದಳು ಸುಗುಣ.

“ತಾಳೇ,” ಎಂದಳು ದ್ಯಾವಮ್ಮ ತಲೆಯೆತ್ತದೆ, “ನಾನಿನ್ನೂ ಸರಿಯಾಗಿ ನೋಡೇ ಇಲ್ಲ.”